ಮಡಿಕೆಯಲ್ಲಿ ಬಿಟ್ಟ ಬಟ್ಟೆ

ಒಂಟಿಕೊಪ್ಪಲಿನ ದೇವಸ್ಥಾನದ ರಸ್ತೆಯಲ್ಲಿ, ಟೈಲರ್ ಮಾರ್ಟಿನ್ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಎಂಬ ಸುದ್ದಿ ಹಬ್ಬಿದಾಗ ಮೊದಲು ಯಾರೂ ನಂಬಲಿಲ್ಲ. ನಂಬಿದವರು ಗಾಬರಿಯಾದರು.

ಗಾಬರಿಗೆ ಕಾರಣವಿತ್ತು. ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಕಡೆ ಇರಲಿಲ್ಲ, ಅದು ಬೇರೆ ಮಾತು. ಅವನು ಹೊಲಿದ ಪ್ಯಾಂಟು ತೊಟ್ಟರೆ ಎಂಥ ಬಡಕಲು ಗುಮಾಸ್ತನೂ ಒಂದು ಆಳಿನ ಹಾಗೆ ಕಾಣುತ್ತಿದ್ದ. ಆದರೆ ಬಟ್ಟೆ ಕೊಡುವ ದಿನದ ವಿಚಾರಕ್ಕೆ ಬಂದರೆ ಅವನ ಬಾಯಲ್ಲಿದ್ದದ್ದು ಒಂದೇ ಮಂತ್ರ: "ನಾಳೆ ಬನ್ನಿ." ಮದುವೆ ಗಂಡಿನ ಕೋಟಿಗೆ ಕಲ್ಯಾಣ ಮಂಟಪದ ಹಿಂದಿನ ರೂಮಿನಲ್ಲಿ ನಿಂತು ಗುಂಡಿ ಹಾಕಿದವನು ಅವನು. ನಾಮಕರಣದ ಜುಬ್ಬವನ್ನು ಮಗು ನಡೆಯಲು ಕಲಿತ ಮೇಲೆ ಕೊಟ್ಟವನೂ ಅವನೇ. ಸ್ವಂತ ಮದುವೆಯಲ್ಲೂ ಹೆಂಡತಿ ಫ್ಲೇವಿಯಾ ಚರ್ಚಿನ ಬಾಗಿಲಲ್ಲಿ ಹೂಗುಚ್ಛ ಹಿಡಿದು ಕಾದಿದ್ದಳು, ಮದುಮಗ ಇನ್ನೂ ಮನೆಯಲ್ಲಿ ತನ್ನ ಕೋಟಿಗೆ ಕಾಜಾ ಹೊಲಿಯುತ್ತಿದ್ದ. ಅದನ್ನು ಆಕೆ ಇಷ್ಟು ವರ್ಷವಾದರೂ ಮರೆತಿಲ್ಲ, ಮರೆಯುವ ಉದ್ದೇಶವೂ ಆಕೆಗಿಲ್ಲ.

ಅಂಥವನು ಈಸ್ಟರ್ ಕಳೆದ ಮೇಲೆ ಇದ್ದಕ್ಕಿದ್ದಂತೆ ಬದಲಾಗಿಬಿಟ್ಟ. ವಿಶ್ವನಾಥ್ ಮೇಷ್ಟ್ರ ಶರಟುಗಳು ಹೇಳಿದ ದಿನವೇ ಇಸ್ತ್ರಿಯಾಗಿ ಕೂತಿದ್ದವು. ವರ್ಷದಿಂದ ಮೂಲೆಯಲ್ಲಿದ್ದ ಲಕ್ಷ್ಮಮ್ಮನವರ ರವಿಕೆಗಳನ್ನು ಅವನೇ ಹುಡುಕಿಕೊಂಡು ಹೋಗಿ ಮನೆಗೆ ಮುಟ್ಟಿಸಿದ. ಆಕೆ ರವಿಕೆ ತೆಗೆದುಕೊಂಡವರು, "ಮನೇಲಿ ಎಲ್ಲಾ ಚೆನ್ನಾಗಿದ್ದಾರಾ ಮಾರ್ಟಿನ್?" ಎಂದು ಕೇಳಿದರು.

ಪಕ್ಕದಲ್ಲಿ ಹೋಟೆಲ್ ಇಟ್ಟಿರುವ ಸಿದ್ದರಾಜು ಮುಚ್ಚುಮರೆ ಇಲ್ಲದ ಮನುಷ್ಯ. ಅವನು ನೇರವಾಗಿ ಬಂದು ಮಿಷನ್ನಿನ ಮುಂದೆ ನಿಂತ.

"ಏನಯ್ಯಾ ಇದು? ಅಂಗಡಿ ಖಾಲಿ ಮಾಡ್ತಾ ಇದ್ದೀಯಾ?"

"ಆಪರೇಷನ್ ಇದೆಯಲ್ಲ ಸಿದ್ದಣ್ಣ. ಸೋಮವಾರ ಅಡ್ಮಿಟ್ಟು. ಬಾಕಿ ಉಳೀಬಾರ್ದು ಅಂತ."

"ಆಪರೇಷನ್ ಅಂದ್ರೆ ಎಂಟು ದಿನ ಮಲಗೋದು ತಾನೇ? ನೀನು ಕೊಡ್ತಾ ಇರೋದು ನೋಡಿದ್ರೆ ಊರೇ ಬಿಟ್ಟು ಹೋಗೋನ ಅಂಗೆ ಕೊಡ್ತಿದ್ದೀಯಲ್ಲಯ್ಯಾ!"

ಮಾರ್ಟಿನ್ ನಕ್ಕ. ನಕ್ಕು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದ, ಸೂಜಿಯಲ್ಲಿ ಆಗಲೇ ದಾರವಿತ್ತು.

ಮಾರ್ಟಿನ್ ನೂರ ಮೂವತ್ತೆಂಟು ಕಿಲೋ ತೂಗುತ್ತಿದ್ದ. ಊರವರ ಅಳತೆಯನ್ನೆಲ್ಲ ಒಂದೇ ನೋಟಕ್ಕೆ ಹೇಳುವವನು ತನ್ನ ಅಳತೆಯನ್ನು ಮಾತ್ರ ಕನ್ನಡಿಯ ಕಡೆ ಬೆನ್ನು ಹಾಕಿ ತೆಗೆಯುತ್ತಿದ್ದ. ಅಂಗಡಿಯ ಟೇಪು ಅವನ ನಡುವನ್ನು ಸುತ್ತಿ ಬರುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಮಂಡಿ ನೋವು, ಸಕ್ಕರೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಎಲ್ಲವೂ ಇತ್ತು. ಇವಕ್ಕೆಲ್ಲ ಅವನು ಹೊಂದಿಕೊಂಡಿದ್ದ. ಹೊಂದಿಕೊಳ್ಳಲಾಗದ್ದು ನಿದ್ದೆ. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಕಟ್ಟಿ ಎಚ್ಚರವಾಗುತ್ತಿತ್ತು. ಬಾಕಿ ನಿದ್ದೆಯೆಲ್ಲ ಹಗಲು ಕೂತಲ್ಲಿ ನಿಂತಲ್ಲಿ ಬಂದು ಮೈಮೇಲೆ ಬೀಳುತ್ತಿತ್ತು.

ಡಿಸೆಂಬರಿನಲ್ಲಿ ಒಂದು ದಿನ ಮಗಳು ಏಂಜೆಲಿನ್‌ಳನ್ನು ಶಾಲೆಯಿಂದ ಸ್ಕೂಟರಿನಲ್ಲಿ ಕರೆತರುತ್ತಿದ್ದ. ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು, ನಿಂತ. ಹಸಿರಾಯಿತು. ಹಿಂದಿನವರು ಹಾರ್ನ್ ಒತ್ತಿ ಒತ್ತಿ ಬೈದರೂ ಸ್ಕೂಟರು ಕದಲಲಿಲ್ಲ. ಮಾರ್ಟಿನ್ ಕಾಲೂರಿಕೊಂಡೇ ನಿದ್ದೆ ಹೋಗಿದ್ದ. ಏಂಜೆಲಿನ್ ಅವನ ಪಕ್ಕೆಯನ್ನು ಬಲವಾಗಿ ಚಿವುಟಿದಳು. ಎಚ್ಚರವಾಗಿ, ಬೆವೆತು, ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ.

"ಯಾಕೋ ಕಂದ, ಅಷ್ಟು ಜೋರಾಗಿ ಚಿವುಟಿದೆ?"

"ಮೆತ್ತಗೆ ಚಿವುಟಿದ್ರೆ ನೀನು ಏಳಲ್ಲ ಅಪ್ಪ. ಮೊನ್ನೆ ರೋಡಲ್ಲಿ ಹೋಗ್ತಾನೂ ಹಿಂಗೇ ಚಿವುಟಿದ್ನಲ್ಲ."

ಮೊನ್ನೆಯದು ಅವನಿಗೆ ಗೊತ್ತೇ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿ ದಿನವೂ ಹಿಂದಿನ ಸೀಟಿನಲ್ಲಿ ಕೂತು ಅಪ್ಪನನ್ನು ಕಾಯುತ್ತಿದ್ದಳು. ಅವತ್ತು ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಬಂದ. ಆಮೇಲೆ ಸ್ಕೂಟರು ಮುಟ್ಟಲಿಲ್ಲ. ಅದೇ ವಾರ ಫ್ಲೇವಿಯಾ ಅವನನ್ನು ಎಳೆದುಕೊಂಡು ಡಾಕ್ಟರ ಬಳಿಗೆ ಹೋದಳು.

ಸರ್ಜನ್ ಒಳ್ಳೆಯ ಮನುಷ್ಯ, ಅವಸರವಿಲ್ಲದೆ ಮಾತಾಡಿದರು. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿಯ ತೋಳಿನ ಹಾಗೆ ಕಿರಿದಾಗಿ ಸೇರಿಸುತ್ತೇವೆ ಎಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ತೋಳು ಎಂದ ಕೂಡಲೇ ಮಾರ್ಟಿನ್ ಮುಂದೆ ಬಾಗಿದ.

"ಮುಂದೆ ಬಿಚ್ಚೋಕೆ ಮಾರ್ಜಿನ್ ಎಷ್ಟು ಬಿಡ್ತೀರಿ ಸಾರ್?"

ಡಾಕ್ಟರು ನಕ್ಕುಬಿಟ್ಟರು. "ಬಿಡಲ್ಲ ಮಾರ್ಟಿನ್. ಕತ್ತರಿಸಿದ್ದು ಕತ್ತರಿಸಿದ್ದೇ. ಅದಕ್ಕೇ ಚೆನ್ನಾಗಿ ಯೋಚನೆ ಮಾಡಿ ಅನ್ನೋದು. ಇದು ಇವತ್ತೇ ಆಗಬೇಕು ಅನ್ನೋ ಆಪರೇಷನ್ ಅಲ್ಲ. ಅಪಾಯ ಕಡಿಮೆ, ಆದ್ರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಮಾಡಿಸ್ಕೊಂಡ್ರೆ ನಿಮಗೆ ಒಳ್ಳೇದು. ನಿರ್ಧಾರ ನಿಮ್ದು."

ಆ ಕೊನೆಯ ಮಾತನ್ನು ಅವನು ಮನೆಯವರೆಗೂ ಹೊತ್ತು ತಂದ. ಅಪೆಂಡಿಕ್ಸ್ ಒಡೆದಿದ್ದರೆ ಯಾರೋ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಮಲಗಿಸುತ್ತಿದ್ದರು. ಹೆಚ್ಚುಕಮ್ಮಿಯಾದರೆ ದೇವರ ಇಚ್ಛೆ ಎನ್ನುತ್ತಿದ್ದರು. ಇದು ಹಾಗಲ್ಲ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ತನ್ನ ಕಾಲ ಮೇಲೆ ತಾನೇ ನಡೆದು ಹೋಗಿ ಕೊರಳು ಒಡ್ಡುವುದು. ಏನಾದರೂ ಆದರೆ ಮಗಳಿಗೆ ಯಾರು ಏನೆಂದು ಹೇಳುತ್ತಾರೆ? ನಿಮ್ಮಪ್ಪ ಹೊಟ್ಟೆ ಕರಗಿಸಲು ಹೋಗಿ ಸತ್ತ ಎನ್ನುತ್ತಾರಾ? ಮಾಡಿಸದೇ ಹೋದರೆ ಇನ್ನೊಂದು ಸಿಗ್ನಲ್ಲು, ಇನ್ನೊಂದು ರಾತ್ರಿ. ಯಾವ ಕಡೆ ಹೊರಳಿದರೂ ಅವನಿಗೆ ಏಂಜೆಲಿನ್‌ಳ ಮುಖವೇ ಕಾಣುತ್ತಿತ್ತು.

ಅಪ್ಪನಿಲ್ಲದ ಮಗು ಹೇಗೆ ಬೆಳೆಯುತ್ತದೆಂದು ಮಾರ್ಟಿನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಅಪ್ಪ ಮೈಕಲಪ್ಪನೂ ಟೈಲರ್. ಅದೇ ಅಂಗಡಿ, ಅದೇ ಕತ್ತರಿ, ಹೆಚ್ಚುಕಡಿಮೆ ಅದೇ ಹೊಟ್ಟೆ. ಮಾರ್ಟಿನ್ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ಮೈಕಲಪ್ಪ ಒಂದು ಮಧ್ಯಾಹ್ನ ಮಿಷನ್ನಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಮಗನ ಚಡ್ಡಿ, ಶರಟುಗಳ ಅಂಚಿನಲ್ಲಿ ಆತ ಧಾರಾಳವಾಗಿ ಬಟ್ಟೆ ಮಡಚಿ ಬಿಟ್ಟಿದ್ದ. ಅಮ್ಮ ಅಮಲಮೇರಿ ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಒಂದೊಂದೇ ಮಡಿಕೆ ಬಿಚ್ಚಿ ಬಟ್ಟೆ ಇಳಿಸಿದಳು. ಬಿಸಿಲು ಕಾಣದೆ ಮಡಿಕೆಯಲ್ಲಿದ್ದ ಭಾಗ ಗಾಢವಾಗಿ, ಉಳಿದದ್ದು ಮಾಸಲಾಗಿ, ಚಡ್ಡಿಯ ತುದಿಯಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಹುಡುಗರು ನಗುತ್ತಿದ್ದರು. ಮಾರ್ಟಿನ್ ಮಾತ್ರ ಆ ಪಟ್ಟೆಗಳ ಮೇಲೆ ಬೆರಳಾಡಿಸುತ್ತಾ ಪಾಠ ಕೇಳುತ್ತಿದ್ದ. ಅಪ್ಪನಿಂದ ಅವನಿಗೆ ಉಳಿದದ್ದು ಅದೇ ಆಗಿತ್ತು.

ಈಗ ಏಂಜೆಲಿನ್‌ಳ ಫಸ್ಟ್ ಕಮ್ಯುನಿಯನ್ ಮೇ ಕೊನೆಯ ಭಾನುವಾರಕ್ಕೆ ಗೊತ್ತಾಗಿತ್ತು. ಮಕ್ಕಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ ಅದು. ಹುಡುಗಿಯರಿಗೆ ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ. ಆ ಫ್ರಾಕು ಒಂದು ದಿನದ್ದು. ಫೋಟೋ ತೆಗೆಸಿ, ಊಟ ಮುಗಿಸಿ, ಮಡಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಟೈಲರನ ಮಗಳ ಫ್ರಾಕು ಅಂದಮೇಲೆ ಅದು ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ಸಿಕ್ಕರೆ ಪುಣ್ಯ ಎಂದು ಫ್ಲೇವಿಯಾ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅದು ತಿಂಗಳಿಗೂ ಮುಂಚೆ ತಯಾರಾಗಿ, ಗುಂಡಿಗಳನ್ನು ಮಾತ್ರ ಬಿಟ್ಟು, ಹ್ಯಾಂಗರಿನಲ್ಲಿ ತೂಗುತ್ತಿದ್ದುದನ್ನು ಕಂಡಾಗ ಪಾಪ, ಹಿಗ್ಗಿಹೋದಳು.

"ಅಂತೂ ನನ್ನ ಗಂಡನಿಗೆ ಬುದ್ಧಿ ಬಂತು," ಎಂದು ಅತ್ತೆಯ ಮುಂದೆ ಹೇಳಿದಳು. ಅಮಲಮೇರಿ ಜಪಸರ ತಿರುಗಿಸಿದಳು.

ಶನಿವಾರ ಮಧ್ಯಾಹ್ನ ಏಂಜೆಲಿನ್‌ಗೆ ಫ್ರಾಕು ತೊಡಿಸಿ ನೋಡಿದರು. ಆಸ್ಪತ್ರೆಯವರ ಅಪ್ಪಣೆಯಂತೆ ಮಾರ್ಟಿನ್ ಎರಡು ವಾರದಿಂದ ಬರೀ ಮಜ್ಜಿಗೆ, ತಿಳಿಸಾರು, ಪುಡಿ ಕಲಸಿದ ಹಾಲಿನ ಮೇಲೆ ಬದುಕಿದ್ದ. ಸಿದ್ದರಾಜು ದೋಸೆ ಹಾಕುವಾಗ ಅಂಗಡಿಯ ಕಡೆಯ ಕಿಟಕಿ ಮುಚ್ಚಿ ಸಹಕರಿಸಿದ್ದ. ಹಸಿವಿನಲ್ಲಿ ಸ್ವಲ್ಪ ಸೊರಗಿದ್ದರೂ ಮಗಳನ್ನು ಬಿಳಿ ಬಟ್ಟೆಯಲ್ಲಿ ಕಂಡು ಅವನ ಮುಖ ಅರಳಿತು. ಏಂಜೆಲಿನ್ ನಡುಮನೆಯಲ್ಲಿ ಗಿರ್ರನೆ ಒಂದು ಸುತ್ತು ತಿರುಗಿದಳು. ತಿರುಗಿ ನಿಂತು ಕೆಳಗೆ ನೋಡಿದಳು.

"ಅಜ್ಜಿ, ಇದು ಅರಳ್ತಾನೇ ಇಲ್ಲ. ನಮ್ಮ ಕ್ಲಾಸಿನ ಫ್ಲೋರಾದು ಛತ್ರಿ ಥರ ಅರಳುತ್ತೆ."

ಅಮಲಮೇರಿ ಹತ್ತಿರ ಬಂದು, ಫ್ರಾಕಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದಳು. ಭಾರವಾಗಿತ್ತು. ಒಳಮಗ್ಗುಲು ತಿರುಗಿಸಿದಳು. ಒಂದು ಗೇಣು ಬಟ್ಟೆ, ಪದರದ ಮೇಲೆ ಪದರವಾಗಿ, ಹೊರಗೆ ತಿಳಿಯದ ಹಾಗೆ ಮಡಚಿ ಹೊಲಿದಿತ್ತು. ಪಕ್ಕೆಯ ಹೊಲಿಗೆ ನೋಡಿದಳು, ಭುಜ ನೋಡಿದಳು, ತೋಳು ನೋಡಿದಳು. ಎಲ್ಲ ಕಡೆಯೂ ಅಷ್ಟಷ್ಟು ಬಟ್ಟೆ ಒಳಗೆ ಕೂತಿತ್ತು. ಆ ಕೆಲಸ ಯಾರಿಂದ ಬಂದದ್ದೆಂದು ಆಕೆಯ ಬೆರಳುಗಳಿಗೆ ಗೊತ್ತಿತ್ತು. ಅಂಥ ಮಡಿಕೆಗಳನ್ನು ಬಿಚ್ಚಿ ಬಿಚ್ಚಿಯೇ ಆಕೆ ಒಬ್ಬ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು.

ಫ್ರಾಕು ಬಿಚ್ಚಿಸಿ ಏಂಜೆಲಿನ್‌ಳನ್ನು ಆಡಲು ಹೊರಗೆ ಕಳಿಸಿದ ಮೇಲೆ ಆಕೆ ಫ್ರಾಕು ಹಿಡಿದೇ ಮಗನ ಮುಂದೆ ಕೂತಳು. ಇಸ್ತ್ರಿಪೆಟ್ಟಿಗೆ ಹಿಡಿದ ಫ್ಲೇವಿಯಾ ಅಲ್ಲೇ ಮೇಜಿನ ಹಿಂದೆ ನಿಂತಿದ್ದಳು.

"ಏನೋ ಇದು?"

"ಮಡಿಕೆ ಅಮ್ಮ. ಬೆಳೆಯೋ ಮಗು."

"ಒಂದು ದಿನ ಹಾಕ್ಕೊಳೋ ಬಟ್ಟೆಗೆ ಇಷ್ಟು ಮಡಿಕೆನಾ? ಫಾದರ್ರು ಮುಂದಿನ ವರ್ಷ ಇವಳಿಗೆ ಮತ್ತೆ ಫಸ್ಟ್ ಕಮ್ಯುನಿಯನ್ ಕೊಡ್ತಾರೇನೋ?"

ಮಾರ್ಟಿನ್ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಆಮೇಲೆ ನೀಲಿ ಬಣ್ಣ ಹಾಕ್ಸಿದ್ರೆ ಕ್ರಿಸ್ಮಸ್ಸಿಗೆ ಆಗುತ್ತೆ. ಸ್ವಲ್ಪ ಸ್ವಲ್ಪ ಇಳಿಸ್ತಾ ಹೋದ್ರೆ ಅವಳು ಹೈಸ್ಕೂಲಿಗೆ ಬರೋವರೆಗೂ ಬರುತ್ತೆ. ನಿಂಗೆ ಬಿಚ್ಚೋಕೆ ಬರುತ್ತಲ್ಲ ಅಂತ..."

ಫ್ಲೇವಿಯಾ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಲಕ್ಷ್ಮಮ್ಮನವರ ರವಿಕೆ, ಮೇಷ್ಟ್ರ ಶರಟು, ಹ್ಯಾಂಗರಿನ ಫ್ರಾಕು, ಎಲ್ಲವೂ ಅವಳಿಗೆ ಆಗ ಅರ್ಥವಾಯಿತು. ಬುದ್ಧಿ ಬಂದಿದೆ ಎಂದು ತಾನು ಹಿಗ್ಗಿದ್ದನ್ನು ನೆನೆದು ಅವಳಿಗೆ ಅಳು ಬಂತು, ಅಷ್ಟೇ ಸಿಟ್ಟೂ ಬಂತು.

"ನನ್ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ರೀ?"

"ಏನಂತ ಹೇಳ್ಲಿ? ಭಯ ಆಗುತ್ತೆ ಅಂತಲಾ?" ಮಾರ್ಟಿನ್ ತಲೆಯೆತ್ತಿದ. ಆ ದೊಡ್ಡ ಮುಖದಲ್ಲಿ ಕಣ್ಣುಗಳು ಚಿಕ್ಕ ಹುಡುಗನವಾಗಿದ್ದವು. "ಅಮ್ಮ, ಬೇಡ ಅಂತ ಫೋನ್ ಮಾಡ್ಬುಡ್ಲಾ? ಇನ್ನೂ ನಾಳೆ ಒಂದು ದಿನ ಇದೆ. ನಡೆದುಕೊಂಡು ಓಡಾಡ್ತೀನಿ, ಅನ್ನ ಬಿಡ್ತೀನಿ. ಈ ಕಮ್ಯುನಿಯನ್ ಒಂದು ಮುಗೀಲಿ, ಆಮೇಲೆ ನೋಡೋಣ."

ನಿಜ ಹೇಳಬೇಕೆಂದರೆ, ಎರಡು ವಾರದಿಂದ ಅಮಲಮೇರಿ ಮಾತೆ ಮರಿಯಮ್ಮನವರ ಮುಂದೆ ಬೇಡಿಕೊಂಡದ್ದೂ ಇದನ್ನೇ, ಹೇಗಾದರೂ ಮಾಡಿ ಇದು ತಪ್ಪಲಿ ಎಂದು. ಈಗ ಮಗ ತಾನಾಗಿಯೇ ಆ ಮಾತು ಆಡಿದ. ಕೈಯಲ್ಲಿ ಫ್ರಾಕಿನ ಅಂಚು ಇಲ್ಲದಿದ್ದರೆ ಆಕೆ ಹೂಂ ಎಂದುಬಿಡುತ್ತಿದ್ದಳು.

"ನಿಮ್ಮಪ್ಪಂಗೂ ಡಾಕ್ಟ್ರು ಹೇಳಿದ್ರು ಕಣೋ," ಎಂದಳು. "ಎದೆ ನೋಡ್ಬೇಕು, ಬಂದು ಸೇರ್ಕೊಳಿ ಅಂತ. ಇವ್ರು ಹಬ್ಬದ ಬಟ್ಟೆ ಮುಗೀಲಿ ಅಂದ್ರು. ಹಬ್ಬ ಆಯ್ತು, ಮದುವೆ ಸೀಸನ್ ಬಂತು. ಅದೂ ಮುಗೀಲಿ ಅಂದ್ರು. ಊರೋರಿಗೆಲ್ಲ ನಾಳೆ ಬನ್ನಿ ಅಂತಿದ್ದೋರು ಡಾಕ್ಟ್ರಿಗೆ ನಾಳೆ ಬರ್ತೀನಿ ಅಂತ ಹೇಳ್ತಾನೇ ಹೋಗ್ಬುಟ್ರು."

ಮಾರ್ಟಿನ್ ಇದನ್ನು ಎಂದೂ ಕೇಳಿರಲಿಲ್ಲ.

"ನಂಗೂ ಭಯಾನೇ. ನಿನ್ನ ಒಳಗೆ ಕರ್ಕೊಂಡು ಹೋದ್ಮೇಲೆ ಆ ಬಾಗಿಲ ಮುಂದೆ ಎಂಗೆ ಕೂತ್ಕೊಳ್ಲಿ ಅಂತ ನಂಗೆ ಗೊತ್ತಿಲ್ಲ. ಆದ್ರೆ ಒಂದು ಹೇಳು. ಮಡಿಕೆ ಬಿಚ್ಚಿ ಬಿಚ್ಚಿ ನಿಂಗೆ ಬಟ್ಟೆ ಹಾಕ್ದೆ. ಒಂದು ವರ್ಷಾನೂ ಬರಿಮೈಲಿ ಕಳಿಸ್ಲಿಲ್ಲ. ಅವತ್ತು ನಿಂಗೆ ಬಟ್ಟೆ ಬೇಕಾಗಿತ್ತಾ, ಅಪ್ಪ ಬೇಕಾಗಿದ್ರಾ?"

ಮಾರ್ಟಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಒಮ್ಮೆ ಅಲ್ಲಾಡಿದವು. ಫ್ಲೇವಿಯಾ ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಅಷ್ಟು ದೊಡ್ಡ ಬೆನ್ನು, ಅವಳ ಕೈ ಎಷ್ಟು ಸವರಿದರೂ ಮುಗಿಯಲೊಲ್ಲದು.

"ಕತ್ತರಿಸು," ಎಂದಳು ಅಮಲಮೇರಿ. "ಮಗು ಇವತ್ತು ಎಷ್ಟಿದ್ದಾಳೋ ಅಷ್ಟಕ್ಕೆ ಹೊಲಿ. ಬರೋ ವರ್ಷದ್ದು ಬರೋ ವರ್ಷ ನೀನೇ ಹೊಲಿಯೋವಂತೆ."

ಕಣ್ಣು ಒರೆಸಿಕೊಂಡು ಮಾರ್ಟಿನ್ ಫ್ರಾಕನ್ನು ಮೇಜಿನ ಮೇಲೆ ಹರಡಿದ. ಹೊಲಿಗೆ ಬಿಚ್ಚಿದ. ಅಪ್ಪನ ಕತ್ತರಿಯನ್ನು ಕೈಗೆ ತೆಗೆದುಕೊಂಡ. ಬಟ್ಟೆ ಕತ್ತರಿಸಲು ಯಾವತ್ತೂ ಹಿಂದೆಮುಂದೆ ನೋಡದವನು ಅವತ್ತು ನೋಡಿದ. ಹಾಗೇ ಬಿಟ್ಟರೆ ಮಡಿಕೆ ಎಂದಾದರೂ ಒದಗುತ್ತದೆ. ಕತ್ತರಿಸಿದರೆ ಮುಂದಿನ ವರ್ಷಕ್ಕೆ ಅವನೇ ಇರಬೇಕು, ಬೇರೆ ದಾರಿಯಿಲ್ಲ. ಉಸಿರೆಳೆದುಕೊಂಡು ಕತ್ತರಿಯನ್ನು ಬಟ್ಟೆಗೆ ಹಾಕಿದ. ಬಿಳಿ ಪಟ್ಟಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಫ್ಲೇವಿಯಾ ಅವನ್ನು ಗುಡಿಸದೆ ಹಾಗೇ ಬಿಟ್ಟಳು.

ಸಂಜೆ ಏಂಜೆಲಿನ್ ಮತ್ತೆ ತೊಟ್ಟು ತಿರುಗಿದಾಗ ಫ್ರಾಕು ನಡುಮನೆಯ ತುಂಬ ಅರಳಿತು. ತಲೆಸುತ್ತು ಬರುವವರೆಗೆ ತಿರುಗಿದಳು. ಆಮೇಲೆ ಬೆನ್ನು ಮುಟ್ಟಿ ನೋಡಿಕೊಂಡು, "ಗುಂಡಿ ಎಲ್ಲಪ್ಪ? ಯಾವಾಗ ಹಾಕ್ತೀಯಾ?" ಎಂದು ಕೇಳಿದಳು.

ಮಾರ್ಟಿನ್ ಎರಡು ವಾರದಲ್ಲಿ ಮೊದಲ ಸಲ ಬಾಯಿತುಂಬ ನಕ್ಕ.

"ನಾಳೆ ಬನ್ನಿ ಮೇಡಂ."

ಭಯ ಹೋಯಿತೆಂದು ಯಾರೂ ತಿಳಿಯಬಾರದು. ಸೋಮವಾರ ಆಸ್ಪತ್ರೆಯಲ್ಲಿ ಹಸಿರು ಗೌನು ಹಾಕಿಕೊಂಡು ಕೂತವನು ಹೊರಗಿನ ಬಾಗಿಲ ಕಡೆಯೇ ನೋಡುತ್ತಿದ್ದ. ಗೌನಿನ ಹಿಂದಿನ ದಾರ ಕಟ್ಟಲು ಸಾಲುತ್ತಿರಲಿಲ್ಲ, ಇದನ್ನು ಹೊಲಿದ ಬಡ್ಡಿಮಗ ಯಾರೋ ಎಂದು ಗೊಣಗಿದ. ಮೈಮೇಲಿರುವುದನ್ನೆಲ್ಲ ತೆಗೆದುಕೊಡಿ ಎಂದು ನರ್ಸ್ ಹೇಳಿದಾಗ ಉಂಗುರ ತೆಗೆದ, ಕೊರಳಿನ ಶಿಲುಬೆ ತೆಗೆದ. ಕೊನೆಗೆ ಮುಷ್ಟಿ ಬಿಚ್ಚಿ ಫ್ಲೇವಿಯಾಳ ಕೈಗೆ ಫ್ರಾಕಿನ ಬಿಳಿ ಗುಂಡಿಗಳನ್ನು ಹಾಕಿದ. ಬೆಳಗಿನಿಂದ ಅವನು ಅವನ್ನೇ ಹಿಡಿದುಕೊಂಡಿದ್ದ.

"ಕಳೀಬೇಡ," ಎಂದ. "ಅದೇ ಸೈಜ್ ಮತ್ತೆ ಸಿಗಲ್ಲ."

ಅವನು ಒಳಗೆ ಹೋದ. ಅಮಲಮೇರಿ ಕಣ್ಣು ಮುಚ್ಚಿ ಜಪಸರ ಹಿಡಿದಳು. ಫ್ಲೇವಿಯಾಳಿಗೆ ಪ್ರಾರ್ಥನೆಯ ಒಂದು ಪದವೂ ನೆನಪಾಗಲಿಲ್ಲ. ಗುಂಡಿಗಳನ್ನೇ ಬಿಗಿಯಾಗಿ ಹಿಡಿದು ಕೂತಳು. ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಯಿತು ಎಂದು ಹೇಳಿದಾಗ ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಗುಂಡಿಗಳ ಗುರುತು ಕೆಂಪಗೆ ಮೂಡಿತ್ತು.

ಆಮೇಲೆ ಮಾರ್ಟಿನ್ ಮನೆಯಲ್ಲೇ ಇದ್ದ. ಚಮಚದಲ್ಲಿ ಸಾರು ಕುಡಿದ, ಆಮೇಲೆ ಗಂಜಿ, ಆಮೇಲೆ ಕಿವುಚಿದ ಅನ್ನ. ವಾಂತಿಯಾದ ದಿನ ಯಾಕಾದರೂ ಮಾಡಿಸಿಕೊಂಡೆನೋ ಎಂದು ಅತ್ತ. ಮೆಟ್ಟಿಲು ಹತ್ತಿ ಉಸಿರು ಉಳಿದ ದಿನ ಮನೆಯವರನ್ನೆಲ್ಲ ಕರೆದು ಮತ್ತೊಮ್ಮೆ ಹತ್ತಿ ತೋರಿಸಿದ. ಕೂತು ಕೂತು ಬೇಸರವಾದರೂ ಫ್ರಾಕಿಗೆ ಗುಂಡಿ ಮಾತ್ರ ಹಾಕಲಿಲ್ಲ. ಕೇಳಿದರೆ ಉತ್ತರ ಒಂದೇ: ನಾಳೆ.

ಮೇ ಕೊನೆಯ ಭಾನುವಾರ ಚರ್ಚಿನ ಅಂಗಳದಲ್ಲಿ ಬಿಳಿ ಬಟ್ಟೆಯ ಮಕ್ಕಳೆಲ್ಲ ಬತ್ತಿ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬಳು ಮಾತ್ರ ಸಾಲಿನಿಂದ ಆಚೆ, ಮರದ ಕೆಳಗೆ, ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಹಿಂದೆ ಮಾರ್ಟಿನ್ ಮಂಡಿಯೂರಿ ಕೂತು ಕೊನೆಯ ಗುಂಡಿ ಹಾಕುತ್ತಿದ್ದ. ಮಂಡಿಯೂರಿ ಅವನಿಗೆ ಎಷ್ಟೋ ವರ್ಷಗಳಾಗಿದ್ದವು. ಅವನ ಸ್ವಂತ ಪ್ಯಾಂಟು ಸಡಿಲವಾಗಿ, ಸೊಂಟದಲ್ಲಿ ಬೆಲ್ಟಿನ ಕೆಳಗೆ ಮುದ್ದೆ ಮುದ್ದೆಯಾಗಿ ಕೂತಿತ್ತು. ಅದನ್ನು ಚಿಕ್ಕದು ಮಾಡಲು ಅವನಿಗೆ ಪುರುಸೊತ್ತಾಗಿರಲಿಲ್ಲ. "ಮೈಮೇಲಿರೋ ಬಟ್ಟೆಗೆ ಸೂಜಿ ಹಾಕ್ಬಾರ್ದು ಕಣೋ," ಎಂದು ಅಮಲಮೇರಿ ಪಕ್ಕದಲ್ಲಿ ನಿಂತು ಗದರುತ್ತಿದ್ದಳು. ಹೊಸ ಶರಟು ಹಾಕಿಕೊಂಡು ಊಟಕ್ಕೆಂದು ಬಂದಿದ್ದ ಸಿದ್ದರಾಜು, "ಅಂತೂ ನಮ್ಮ ಮಾರ್ಟಿನ್ನು ಹುಷಾರಾದ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಗಂಟೆ ಹೊಡೆಯಿತು. ಸಾಲು ಕದಲಿತು. ಏಂಜೆಲಿನ್ ಕಾಲು ಕುಣಿಸುತ್ತಾ, "ಅಪ್ಪ, ಬೇಗ! ಎಲ್ಲಾ ಹೋಗ್ತಿದ್ದಾರೆ!" ಎಂದು ಅಳುಮುಖ ಮಾಡಿದಳು. ಮಾರ್ಟಿನ್ ಬೆವರುತ್ತಾ ಹೆಂಡತಿಯ ಕಡೆ ನೋಡಿದ, ಈಗ ಬೈಗುಳ ಬೀಳುತ್ತದೆಂದು.

ಮದುವೆಯ ದಿನ ಇದೇ ಚರ್ಚಿನ ಬಾಗಿಲಲ್ಲಿ ಕಾದಿದ್ದ ಫ್ಲೇವಿಯಾ ಅವನ ಪಕ್ಕದಲ್ಲೇ ನಿಂತಿದ್ದಳು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ನಿಧಾನಕ್ಕೆ ಹಾಕ್ರೀ," ಎಂದಳು. "ಟೈಮಿದೆ."